ಉಡುಪಿ ಹೋಟೆಲ್ ಮುಚ್ಚಿದ ಮೇಲೆ ಮರುಗಿದರೇನು ಫಲ? ಕುಟುಂಬದ ಸಣ್ಣ ಉದ್ಯಮ ಉಳಿಸುವ ಲೆಕ್ಕಾಚಾರ ಇಲ್ಲಿದೆ

ಮುಂಬೈನಲ್ಲಿ ಹಳೆಯ ಉಡುಪಿ ಹೋಟೆಲೊಂದು ಬಾಗಿಲು ಹಾಕಿದರೆ ಸಾಮಾಜಿಕ ಜಾಲತಾಣದಲ್ಲಿ ನೆನಪುಗಳ ಮಹಾಪೂರವೇ ಹರಿಯುತ್ತದೆ. ಕಾಲೇಜು ದಿನಗಳ ಮಸಾಲೆ ದೋಸೆ, ಅಪ್ಪನ ಜೊತೆ ಕುಡಿದ ಫಿಲ್ಟರ್ ಕಾಫಿ, ಗಲ್ಲಾದಲ್ಲಿ ಕೂರುತ್ತಿದ್ದ ಮಾಲೀಕರ ಮುಗುಳ್ನಗೆ ಎಲ್ಲವೂ ಅಲ್ಲಿ ಬರುತ್ತವೆ. ಆದರೆ ಹಾಗೆ ಬರೆದವರಲ್ಲಿ ಎಷ್ಟು ಮಂದಿ ಕಳೆದ ಆರು ತಿಂಗಳಲ್ಲಿ ಆ ಹೋಟೆಲ್‌ನ ಮೆಟ್ಟಿಲು ಹತ್ತಿದ್ದರು ಎಂದು ಕೇಳಿದರೆ ಉತ್ತರ ಕಷ್ಟ.

ಜನರ ಪ್ರೀತಿ ಕಡಿಮೆಯಾಗಿದ್ದಕ್ಕೇ ಹೋಟೆಲ್ ಮುಚ್ಚುತ್ತದೆ ಎನ್ನಲಾಗದು. ಕೈಗೆ ಉಳಿಯುವ ಲಾಭ, ಕೂತಿರುವ ಜಾಗದ ಹಕ್ಕು, ಮುಂದೆ ನಡೆಸುವವರು ಯಾರು ಎಂಬ ಪ್ರಶ್ನೆ, ಈ ಮೂರರಲ್ಲಿ ಒಂದು ಕೈಕೊಟ್ಟರೂ ಸಾಕು. ಬಡಾವಣೆಯ ಕಿರಾಣಿ ಅಂಗಡಿ, ಬೇಕರಿ, ಕಾಫಿಪುಡಿ ಅಂಗಡಿಗಳ ಕಥೆಯೂ ಇದೇ. ಗ್ರಾಹಕರ ಯಾವ ನೆರವು ನಿಜಕ್ಕೂ ಗಲ್ಲಾಪೆಟ್ಟಿಗೆಗೆ ತಲುಪುತ್ತದೆ? ಇಲ್ಲಿದೆ ವಿವರ.

ಮಾಟುಂಗಾದಲ್ಲಿ ಕುಟುಂಬಗಳು ಕಟ್ಟಿದ ಸಾಲು

ಮುಂಬೈನ ಮಾಟುಂಗಾ ಇದಕ್ಕೆ ಒಳ್ಳೆಯ ಉದಾಹರಣೆ. ಉಡುಪಿ ಕಡೆಯಿಂದ ಬಾಲಕನಾಗಿ ಮುಂಬೈಗೆ ಬಂದು ಹೋಟೆಲ್ ಅಡುಗೆಮನೆಗಳಲ್ಲಿ ದುಡಿದ ಎ.ರಾಮ ನಾಯಕ್ ಅವರು 1942ರಲ್ಲಿ ಮಾಟುಂಗಾ ರೈಲು ನಿಲ್ದಾಣದ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದರು. ಬಾಳೆಎಲೆ ಊಟಕ್ಕೆ ಇಂದಿಗೂ ಅಲ್ಲಿ ಜನ ಸಾಲು ನಿಲ್ಲುತ್ತಾರೆ. ಕಿಂಗ್ಸ್ ಸರ್ಕಲ್ ಬಳಿಯ ಕೆಫೆ ಮದ್ರಾಸ್, ನಿಲ್ದಾಣದ ಪಕ್ಕದ ರಾಮ್ ಆಶ್ರಯ ಕೂಡ ಹೆಚ್ಚುಕಡಿಮೆ ಅದೇ ಕಾಲದವು.

ಆ ಕಾಲದಲ್ಲಿ ಇಂಥ ಹೋಟೆಲ್‌ಗಳ ಬೆನ್ನಿಗೆ ನಿಂತಿದ್ದು ಊರಿನವರೇ. ಹಗಲು ಹೋಟೆಲ್‌ನಲ್ಲಿ ದುಡಿದ ಹುಡುಗರಿಗಾಗಿ ಮುಂಬೈನ ಕನ್ನಡಿಗರ ಸಂಘಟನೆಗಳು ರಾತ್ರಿ ಶಾಲೆ ನಡೆಸಿದವು. ಸಾಲಕ್ಕಾಗಿ ಸಮುದಾಯಗಳೇ ಸಹಕಾರಿ ಬ್ಯಾಂಕ್ ಕಟ್ಟಿಕೊಂಡವು. ಮೊಗವೀರ ಬ್ಯಾಂಕ್ 1946ರಲ್ಲಿ ಹುಟ್ಟಿದರೆ, ಬಿಲ್ಲವರ ಅಸೋಸಿಯೇಷನ್ ಬೆಂಬಲದಲ್ಲಿ ಭಾರತ್ ಬ್ಯಾಂಕ್ 1978ರಲ್ಲಿ ಶುರುವಾಯಿತು. ಅಂದರೆ ಅಂದಿನ ನೆರವು ಬರೀ ಮೆಚ್ಚುಗೆಯ ಮಾತಾಗಿರಲಿಲ್ಲ. ಸಾಲ, ಓದು, ಕೆಲಸದ ರೂಪದಲ್ಲಿತ್ತು.

ಒಂದು ಹೋಟೆಲ್ ನಡೆದರೆ ಅದರ ಸುತ್ತ ಹತ್ತಾರು ಮನೆ ನಡೆಯುತ್ತವೆ. ಬಾಳೆಎಲೆ, ಹಾಲು, ತರಕಾರಿ, ತೆಂಗಿನಕಾಯಿ ತರುವವರು ಬಹುತೇಕ ಸಣ್ಣ ವ್ಯಾಪಾರಿಗಳೇ. ಇಲ್ಲಿ ಕೊಟ್ಟ ಹಣ ಅದೇ ಬೀದಿಯಲ್ಲಿ ಇನ್ನೆರಡು ಸುತ್ತು ಹಾಕುತ್ತದೆ.

200 ರೂಪಾಯಿ ಆರ್ಡರ್: ಕೈಗೆ ಉಳಿಯುವುದೆಷ್ಟು?

ಗ್ರಾಹಕರ ಕೈಯಲ್ಲೇ ಇರುವ ವಿಚಾರವೆಂದರೆ ಆರ್ಡರ್ ಮಾಡುವ ಬಗೆ. ಉದಾಹರಣೆಗೆ, ಆ್ಯಪ್ ಮೂಲಕ 200 ರೂ. ತಿಂಡಿ ಆರ್ಡರ್ ಆಯಿತು, ಕಮಿಷನ್ ಶೇ.25 ಎಂದಿಟ್ಟುಕೊಳ್ಳಿ. ಕಮಿಷನ್‌ಗೆ 50 ರೂ. ಹೋಯಿತು. ಆ ಕಮಿಷನ್ ಮೇಲೆ ಶೇ.18 ಜಿಎಸ್‌ಟಿ, ಅಂದರೆ ಇನ್ನೂ 9 ರೂ. ಹೋಟೆಲ್‌ಗೆ ಬಂದಿದ್ದು 141 ರೂ. ಅಕ್ಕಿ, ಉದ್ದು, ಎಣ್ಣೆ, ಗ್ಯಾಸ್, ಸಂಬಳ, ಬಾಡಿಗೆ ಎಲ್ಲವೂ ಇದರಲ್ಲೇ ಆಗಬೇಕು. ಕಮಿಷನ್ ದರ ಒಪ್ಪಂದಕ್ಕೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತದೆ, ಆದರೆ ಲೆಕ್ಕದ ಸ್ವರೂಪ ಇದೇ.

ದೊಡ್ಡ ಉದ್ದಿಮೆಗಳು ತಾವು ಕಟ್ಟಿದ ಜಿಎಸ್‌ಟಿಯನ್ನು ಮುಂದಿನ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಶೇ.5 ಜಿಎಸ್‌ಟಿ ವ್ಯವಸ್ಥೆಯಲ್ಲಿರುವ ಸಾಮಾನ್ಯ ಹೋಟೆಲ್‌ಗಳಿಗೆ ಆ ಅವಕಾಶವಿಲ್ಲ. ಹೀಗಾಗಿ ಆ 9 ರೂ. ನೇರ ಖರ್ಚು. ದಿನಕ್ಕೆ ಇಂಥ 20 ಆರ್ಡರ್ ಬಂದರೆ ತಿಂಗಳಿಗೆ ಸುಮಾರು 35,000 ರೂ. ವ್ಯತ್ಯಾಸ. ಸಣ್ಣ ಹೋಟೆಲ್‌ಗೆ ಅದು ಒಬ್ಬ ಅಡುಗೆಯವರ ಸಂಬಳದ ಮಾತು.

ಆ್ಯಪ್‌ಗಳಿಂದ ಉಪಯೋಗವೇ ಇಲ್ಲ ಎಂದಲ್ಲ. ಹೊಸ ಗ್ರಾಹಕರು ಸಿಗುತ್ತಾರೆ, ಡೆಲಿವರಿಗೆ ಸ್ವಂತ ಹುಡುಗರನ್ನು ಇಟ್ಟುಕೊಳ್ಳುವ ತಲೆನೋವು ತಪ್ಪುತ್ತದೆ. ಆದರೆ ವ್ಯವಹಾರದ ಷರತ್ತುಗಳ ಬಗ್ಗೆ ತಕರಾರುಗಳಿವೆ. ರೆಸ್ಟೋರೆಂಟ್ ಮಾಲೀಕರ ರಾಷ್ಟ್ರೀಯ ಸಂಘಟನೆಯ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2022ರ ಏಪ್ರಿಲ್‌ನಲ್ಲಿ ಜೊಮಾಟೊ ಮತ್ತು ಸ್ವಿಗ್ಗಿ ವಿರುದ್ಧ ತನಿಖೆಗೆ ಆದೇಶಿಸಿತ್ತು.

ಇನ್ನೊಂದು ಒತ್ತಡ ಗ್ಯಾಸ್‌ನದು. 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್ ದರ ಸಾಮಾನ್ಯವಾಗಿ ಪ್ರತಿ ತಿಂಗಳ 1ರಂದು ಪರಿಷ್ಕರಣೆಯಾಗುತ್ತದೆ. ಹೋಟೆಲ್‌ನ ದರಪಟ್ಟಿಯನ್ನು ಹಾಗೆ ತಿಂಗಳಿಗೊಮ್ಮೆ ಬದಲಿಸಲಾಗದು. ಇಡ್ಲಿಗೆ 5 ರೂ. ಏರಿಸಿದರೂ ನಿತ್ಯ ಬರುವವರು ಮೊದಲು ಕೇಳುವ ಪ್ರಶ್ನೆ 'ಯಾಕೆ?' ಎಂಬುದು.

ಜಾಗವೇ ಆಸ್ತಿ, ಜಾಗವೇ ಆತಂಕ

ಹಳೆಯ ಮುಂಬೈನ ಅನೇಕ ಅಂಗಡಿ, ಹೋಟೆಲ್‌ಗಳು ಪಗಡಿ ಪದ್ಧತಿಯಲ್ಲಿವೆ. ಆರಂಭದಲ್ಲಿ ದೊಡ್ಡ ಮೊತ್ತ ಕೊಟ್ಟು, ನಂತರ ತೀರಾ ಕಡಿಮೆ ಬಾಡಿಗೆಗೆ ಮುಂದುವರಿಯುವ ವ್ಯವಸ್ಥೆ ಇದು. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999 ಇದಕ್ಕೆ ಮಾನ್ಯತೆ ನೀಡಿದೆ. ಕಾಯ್ದೆಯ ರಕ್ಷಣೆ ಇರುವ ಜಾಗಕ್ಕೆ ಬಾಡಿಗೆಯನ್ನು ವರ್ಷಕ್ಕೆ ಶೇ.4ರಷ್ಟು ಮಾತ್ರ ಏರಿಸಬಹುದು. ಊಟದ ದರ ಇನ್ನೂ ಜನಸಾಮಾನ್ಯರ ಕೈಗೆಟುಕುವಂತಿದ್ದರೆ ಅದರ ಹಿಂದೆ ಈ ಹಳೆಯ ಬಾಡಿಗೆಯೂ ಇರಬಹುದು.

ಕಟ್ಟಡ ಮರುನಿರ್ಮಾಣಕ್ಕೆ ಹೋದಾಗ ಸಮಸ್ಯೆ ಶುರುವಾಗುತ್ತದೆ. ಕಾಮಗಾರಿ ಮುಗಿಯುವವರೆಗೆ ವ್ಯಾಪಾರ ಎಲ್ಲಿ? ಹೊಸ ಕಟ್ಟಡದಲ್ಲಿ ರಸ್ತೆಗೆ ಮುಖ ಮಾಡಿದ ನೆಲಮಹಡಿ ಜಾಗವೇ ಸಿಗುತ್ತದೆಯೇ? ನಾಲ್ಕೈದು ವರ್ಷ ಬಾಗಿಲು ಹಾಕಿದ ಹೋಟೆಲ್‌ಗೆ ಹಳೆಯ ಗ್ರಾಹಕರೂ, ಹಳೆಯ ಅಡುಗೆಯವರೂ ಮರಳಿ ಸಿಗುವುದು ಕಷ್ಟ.

ಉತ್ತರಾಧಿಕಾರದ ಪ್ರಶ್ನೆಯೂ ಇದರ ಜೊತೆಗೇ ಇದೆ. ವ್ಯಾಪಾರದ ಜಾಗದ ಬಾಡಿಗೆದಾರರು ತೀರಿಕೊಂಡಾಗ, ಆ ಸಮಯದಲ್ಲಿ ಅವರ ಜೊತೆ ಅದೇ ಜಾಗದಲ್ಲಿ ವ್ಯಾಪಾರ ನಡೆಸುತ್ತಿದ್ದ ಕುಟುಂಬ ಸದಸ್ಯರಿಗೆ ಕಾಯ್ದೆ ಆದ್ಯತೆ ಕೊಡುತ್ತದೆ. ಮಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿ, ಮಗಳು ವಿದೇಶದಲ್ಲಿ ಇದ್ದರೆ ವಿಷಯ ಕೋರ್ಟ್ ಮೆಟ್ಟಿಲೇರಬಹುದು.

ಅಣ್ಣತಮ್ಮಂದಿರ ಪಾಲುದಾರಿಕೆಯಲ್ಲೂ ಎಚ್ಚರ ಬೇಕು. ಪಾಲುದಾರಿಕೆ ಕಾಯ್ದೆ, 1932ರ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಒಬ್ಬ ಪಾಲುದಾರರ ಸಾವಿನೊಂದಿಗೆ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. 'ನಮ್ಮಲ್ಲಿ ಕಾಗದಪತ್ರ ಯಾಕೆ' ಎನ್ನುವ ಕುಟುಂಬಗಳಿಗೆ ಇದು ದೊಡ್ಡ ಹೊಡೆತ. ಹಿರಿಯರು ಗಟ್ಟಿಯಾಗಿರುವಾಗಲೇ ಕರಾರು, ಉಯಿಲು ಬರೆದಿಡುವುದು ಹೋಟೆಲ್ ಉಳಿಸುವ ಮೊದಲ ಹೆಜ್ಜೆ.

ಬೆಂಗಳೂರು ಕಲಿಸಿದ ಪಾಠ

ಲೆಕ್ಕಪತ್ರ ಇಡದಿದ್ದರೆ ಏನಾಗಬಹುದು ಎಂಬುದಕ್ಕೆ 2025ರ ಜುಲೈನಲ್ಲಿ ಕರ್ನಾಟಕ ಸಾಕ್ಷಿಯಾಯಿತು. ಯುಪಿಐ ವಹಿವಾಟಿನ ಮಾಹಿತಿ ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿತು. ಬೆಂಗಳೂರಿನ ಹಲವು ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ 'ನಗದು ಮಾತ್ರ' ಎಂಬ ಚೀಟಿ ಬಂತು. ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಸರ್ಕಾರ ಭರವಸೆ ನೀಡಿದ ಮೇಲೆ ಗೊಂದಲ ತಣ್ಣಗಾಯಿತು.

ನಿಯಮ ಸರಳ. ವರ್ಷದ ವಹಿವಾಟು ಸರಕು ಮಾರುವವರಿಗೆ 40 ಲಕ್ಷ ರೂ., ಹೋಟೆಲ್ ಸೇರಿದಂತೆ ಸೇವೆ ನೀಡುವವರಿಗೆ 20 ಲಕ್ಷ ರೂ. ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ತೆಲಂಗಾಣದಲ್ಲಿ ಸರಕಿಗೂ ಮಿತಿ 20 ಲಕ್ಷ ರೂ. ಇಲ್ಲಿ ಎಣಿಕೆಯಾಗುವುದು ಲಾಭವಲ್ಲ, ವಹಿವಾಟು. ದಿನಕ್ಕೆ ಸುಮಾರು 5,500 ರೂ. ವ್ಯಾಪಾರವಾದರೆ ಹೋಟೆಲ್ ಆ ಮಿತಿ ಮುಟ್ಟಿಬಿಡುತ್ತದೆ.

ವಹಿವಾಟು 1.5 ಕೋಟಿ ರೂ. ಒಳಗಿದ್ದರೆ ಕಾಂಪೊಸಿಷನ್ ಯೋಜನೆ ಇದೆ. ವ್ಯಾಪಾರಿಗಳಿಗೆ ಶೇ.1, ಹೋಟೆಲ್‌ಗಳಿಗೆ ಶೇ.5 ತೆರಿಗೆ. ಆದರೆ ಇದನ್ನು ಆರಿಸಿಕೊಂಡವರು ಬಿಲ್‌ನಲ್ಲಿ ಗ್ರಾಹಕರಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ.

ಹಾಗಾದರೆ ಗ್ರಾಹಕರು ನಗದು ಕೊಡಬೇಕೇ, ಯುಪಿಐ ಮಾಡಬೇಕೇ? 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿ ಶುಲ್ಕ ಶೂನ್ಯ. ಹಾಗಾಗಿ ಯುಪಿಐನಿಂದ ಅಂಗಡಿಗೆ ಕಮಿಷನ್ ನಷ್ಟವಿಲ್ಲ. ಜೊತೆಗೆ ಬ್ಯಾಂಕ್ ಖಾತೆಯಲ್ಲಿ ಕಾಣುವ ವಹಿವಾಟು ಮುಂದೆ ಸಾಲ ಕೇಳುವಾಗ ನೆರವಿಗೆ ಬರುತ್ತದೆ. ಮುದ್ರಾ ಯೋಜನೆಯಲ್ಲಿ 10 ಲಕ್ಷ ರೂ.ವರೆಗೆ, ಈ ಹಿಂದೆ 'ತರುಣ್' ವಿಭಾಗದ ಸಾಲ ತೀರಿಸಿದವರಿಗೆ 20 ಲಕ್ಷ ರೂ.ವರೆಗೆ ಸಾಲ ಸಿಗುತ್ತದೆ.

ಬಿಲ್ ಬಾಕಿ ಇಡುವವರಿಗೆ ಕಾನೂನು ಏನನ್ನುತ್ತದೆ?

ಸಣ್ಣ ಉದ್ಯಮಕ್ಕೆ ವ್ಯಾಪಾರ ಇಲ್ಲದಿರುವುದಕ್ಕಿಂತ, ಮಾಡಿದ ವ್ಯಾಪಾರದ ಹಣ ಬಾರದಿರುವುದು ಹಲವು ಸಲ ಹೆಚ್ಚು ಕಾಡುತ್ತದೆ. ಕಚೇರಿಯ ಕ್ಯಾಂಟೀನ್, ಕಾರ್ಯಕ್ರಮದ ಊಟ, ಹಬ್ಬದ ಸಿಹಿ ಪೊಟ್ಟಣಗಳ ಬಿಲ್ ತಿಂಗಳುಗಟ್ಟಲೆ ನಿಂತರೆ, ಹಾಲಿನವರಿಗೂ ತರಕಾರಿಯವರಿಗೂ ಮಾಲೀಕರು ಸಾಲ ಮಾಡಿ ಕೊಡಬೇಕಾಗುತ್ತದೆ.

ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ, 2006ರ ಪ್ರಕಾರ ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಒಪ್ಪಂದವಿದ್ದರೂ 45 ದಿನದೊಳಗೆ, ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಹಣ ಪಾವತಿಸಬೇಕು. ತಡವಾದರೆ ರಿಸರ್ವ್ ಬ್ಯಾಂಕ್‌ನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. 2024-25ರ ತೆರಿಗೆ ನಿರ್ಧರಣಾ ವರ್ಷದಿಂದ ಇನ್ನೊಂದು ಬಿಗಿ ಬಂದಿದೆ. ಈ ಗಡುವು ಮೀರಿದ ಬಾಕಿಯನ್ನು ವಾಸ್ತವವಾಗಿ ಪಾವತಿಸುವವರೆಗೆ ಖರೀದಿಸಿದ ಕಂಪನಿ ತನ್ನ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ.

ಇದರ ಲಾಭ ಪಡೆಯಲು ಉದ್ಯಮಕ್ಕೆ 'ಉದ್ಯಮ್' ನೋಂದಣಿ ಇರಬೇಕು. ಸರ್ಕಾರಿ ಪೋರ್ಟಲ್‌ನಲ್ಲಿ ಇದು ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಕೇಟರಿಂಗ್ ನಡೆಸುವವರು, ತಿಂಡಿ ತಯಾರಿಸಿ ಪೂರೈಸುವವರು ಇದರ ವ್ಯಾಪ್ತಿಗೆ ಬರುತ್ತಾರೆ. ಬರೀ ಕೊಂಡು ಮಾರುವ ಅಂಗಡಿಯವರು ನೋಂದಣಿ ಮಾಡಿಸಬಹುದಾದರೂ ಅವರಿಗೆ ಬ್ಯಾಂಕ್ ಸಾಲದ ಆದ್ಯತೆ ಮಾತ್ರ ಸಿಗುತ್ತದೆ, 45 ದಿನದ ರಕ್ಷಣೆ ಇಲ್ಲ.

ಕುಟುಂಬದ ಉದ್ಯಮ ಎಂದರೆ ಎಲ್ಲವೂ ಸರಿಯೇ?

ಹಾಗೇನೂ ಇಲ್ಲ. ಹೋಟೆಲ್ ಮಾಣಿಯಾಗಿ ಬಂದು ಮಾಲೀಕನಾದ ಕಥೆ ಕೇಳಲು ಚೆಂದ. ಆದರೆ ಅದರ ಹಿಂದೆ ಬಾಲ್ಯ ಕಳೆದುಕೊಂಡ ಸಾವಿರಾರು ಹುಡುಗರಿದ್ದಾರೆ. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲ್, ಡಾಬಾಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಗಿದೆ. 2016ರ ತಿದ್ದುಪಡಿ ಪ್ರಕಾರ ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಮಕ್ಕಳು ಕುಟುಂಬದ ಅಪಾಯಕಾರಿಯಲ್ಲದ ಉದ್ಯಮಕ್ಕೆ ಕೈಜೋಡಿಸಬಹುದು, ಓದಿಗೆ ಅಡ್ಡಿಯಾಗಬಾರದು.

ಮನೆಯ ಹೆಂಗಸರ ದುಡಿಮೆಯದು ಇನ್ನೊಂದು ವಿಚಾರ. ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ ಮಾಡುವವರು ಅವರು, ಅಂಗಡಿಯ ಪತ್ರದಲ್ಲಿ ಮಾತ್ರ ಅವರ ಹೆಸರಿರುವುದಿಲ್ಲ. ಪಾಲುದಾರರಾಗಿ ಸೇರಿಸಿದರೆ ಅವರ ಹಕ್ಕೂ ಉಳಿಯುತ್ತದೆ, ಮುಂದೆ ನಡೆಸುವವರು ಯಾರು ಎಂಬ ಪ್ರಶ್ನೆಗೆ ಮನೆಯೊಳಗೇ ಉತ್ತರವೂ ಸಿಗಬಹುದು.

ಗ್ರಾಹಕರು ಏನು ಮಾಡಬಹುದು?

* ನಡೆದು ಹೋಗುವಷ್ಟು ಹತ್ತಿರದ ಹೋಟೆಲ್ ಆದರೆ ಫೋನ್ ಮಾಡಿ ಪಾರ್ಸೆಲ್ ಹೇಳಿ, ಹೋಗಿ ತರುವುದು ಉತ್ತಮ. ಕಮಿಷನ್ ಪೂರ್ತಿ ಉಳಿಯುತ್ತದೆ.
* ವರ್ಷಕ್ಕೊಮ್ಮೆ ದೊಡ್ಡ ಬಿಲ್ ಮಾಡುವುದಕ್ಕಿಂತ ವಾರಕ್ಕೊಮ್ಮೆ ಹೋಗುವುದು ಲೇಸು. ಎಷ್ಟು ಹಿಟ್ಟು ರುಬ್ಬಬೇಕು ಎಂಬ ಅಂದಾಜು ಸಿಕ್ಕರೆ ಪೋಲಾಗುವುದು ಕಡಿಮೆ.
* ತಿಂಗಳ ಸಾಮಾನಿನಲ್ಲಿ ಕಾಫಿಪುಡಿ, ಅಕ್ಕಿ, ಬೇಳೆಯಂಥ ನಾಲ್ಕೈದು ವಸ್ತುಗಳನ್ನಾದರೂ ಕಾಯಂ ಆಗಿ ಬಡಾವಣೆಯ ಅಂಗಡಿಯಲ್ಲೇ ಕೊಳ್ಳಬಹುದು.
* ಕನ್ನಡ ಸಂಘಗಳು ರಾಜ್ಯೋತ್ಸವ, ಯಕ್ಷಗಾನದಂಥ ಕಾರ್ಯಕ್ರಮಗಳ ಊಟದ ಆರ್ಡರ್ ಸ್ಥಳೀಯರಿಗೆ ಕೊಟ್ಟು, ಅರ್ಧ ಹಣ ಮುಂಗಡ ನೀಡಿ, ಉಳಿದದ್ದನ್ನು ಅದೇ ವಾರ ತೀರಿಸಬಹುದು.
* ಸಾಂಬಾರ್ ಕೆಟ್ಟಿದ್ದರೆ ಮೊದಲು ಗಲ್ಲಾದಲ್ಲಿರುವವರಿಗೇ ಹೇಳಬೇಕು. ಸರಿಪಡಿಸದಿದ್ದರೆ ಆಮೇಲೆ ಆನ್‌ಲೈನ್ ವಿಮರ್ಶೆ ಇದ್ದೇ ಇದೆ.
* ತೆರಿಗೆ, ಲೆಕ್ಕಪತ್ರ, ಮೊಬೈಲ್ ಬಲ್ಲ ಯುವಕರು ಪರಿಚಯದ ಅಂಗಡಿಗೆ ಉದ್ಯಮ್ ನೋಂದಣಿ, ಗೂಗಲ್ ಮ್ಯಾಪ್ ಮಾಹಿತಿ ಸರಿಪಡಿಸಿಕೊಟ್ಟರೆ ಅದೂ ದೊಡ್ಡ ನೆರವು.

ರುಚಿ, ಶುಚಿ ಇಲ್ಲದ ಕಡೆ ಕೇವಲ ನಮ್ಮ ಊರಿನವರು ಎಂಬ ಕಾರಣಕ್ಕೆ ಹಣ ಸುರಿಯಬೇಕಿಲ್ಲ. ಆದರೆ ಚೆನ್ನಾಗಿ ನಡೆಸುತ್ತಿರುವವರ ಲೆಕ್ಕ ತಿಂಗಳ ಕೊನೆಯಲ್ಲಿ ತಾಳೆಯಾಗಬೇಕಾದರೆ ನಿತ್ಯದ ಗಿರಾಕಿ ಬೇಕು, ಬಿಲ್ ಹೊತ್ತಿಗೆ ಸರಿಯಾಗಿ ಪಾವತಿಯಾಗಬೇಕು. ಗಲ್ಲಾದಲ್ಲಿ ಕೂರುವ ಮುಂದಿನ ತಲೆಮಾರು ಈ ಕೆಲಸದಲ್ಲಿ ಬದುಕಿದೆಯೇ ಎಂದು ನಿರ್ಧರಿಸುವುದು ಆ ತಿಂಗಳ ಲೆಕ್ಕವನ್ನು ನೋಡಿಯೇ.