ಅಗಿದು ಕುಡಿಯುವ ಚಹಾ

ಸಂಜೆ ಐದೂವರೆಗೆ ನವರಂಗ್ ಸಿಗ್ನಲ್ಲಿನ ಬಳಿ ನಿಂತರೆ ಡಾ. ರಾಜ್‌ಕುಮಾರ್ ರಸ್ತೆ ಮುಂದಕ್ಕೆ ಹೋಗುವ ಆಸೆಯನ್ನೇ ಬಿಟ್ಟಂತೆ ಕಾಣುತ್ತದೆ. ಬಸ್ಸಿನ ಮೈಗೆ ಮೈ ತಾಗಿಸಿಕೊಂಡು ಆಟೊ, ಆಟೊಗಳ ಸಂದಿಯಲ್ಲಿ ಸ್ಕೂಟರು, ಸ್ಕೂಟರಿನ ಹಿಂದೆ ಟ್ಯೂಷನ್ನಿಗೆ ಹೊರಟ ಮಗು. ದರ್ಶಿನಿಯ ಮುಂದೆ ನಿಂತವರ ಕೈಯಲ್ಲಿ ಹೊಗೆಯಾಡುವ ಕಾಫಿ. ಎರಡು ಬಾಗಿಲಾಚೆ, ಮೊಬೈಲ್ ಕವರ್ ಮಾರುವ ಮಳಿಗೆಯಷ್ಟೇ ಅಗಲದ ಅಂಗಡಿಯಲ್ಲಿ ಗುಲಾಬಿ ದೀಪ ಉರಿಯುತ್ತಿದೆ. ಒಳಗಿನ ಯಂತ್ರ ಟಕ್ ಎಂದಾಗ ತೆಳು ಹಾಳೆಯೊಂದು ಕಾದು ಲೋಟದ ಬಾಯಿಗೆ ಬಿಗಿದುಕೊಳ್ಳುತ್ತದೆ. ಹುಡುಗ ಲೋಟವನ್ನು ತಲೆಕೆಳಗು ಮಾಡಿ ಕುಲುಕುತ್ತಾನೆ, ಹನಿಯೂ ಬೀಳುವುದಿಲ್ಲ. ಕಾಲೇಜು ಹುಡುಗಿ ಮೊನೆ ಕತ್ತರಿಸಿದ ದಪ್ಪ ಸ್ಟ್ರಾ ಹಿಡಿದು ಒಂದೇ ಏಟಿಗೆ ಚುಚ್ಚುತ್ತಾಳೆ. ತಳದಲ್ಲಿ ಮಲಗಿದ್ದ ಕಪ್ಪು ಗುಂಡುಗಳು ಸಾಲುಗಟ್ಟಿ ಮೇಲೇರುತ್ತವೆ.

ಇಂದಿರಾನಗರ, ಕೋರಮಂಗಲಗಳಿಗೆ ಬಬಲ್ ಟೀ ಹಳೆಯ ಸುದ್ದಿ. ಬೋಬಾ ಭಾಯ್ ಎಂಬ ಬ್ರ್ಯಾಂಡ್ 2023ರಲ್ಲಿ ಹುಟ್ಟಿದ್ದೂ ಇದೇ ಬೆಂಗಳೂರಿನಲ್ಲಿ. ಕಾರ್ಡ್ ರಸ್ತೆಯ ಆಚೀಚೆ ಮಾತ್ರ ಅದು ಇನ್ನೂ ಹೊಸ ನೆಂಟ. ಒಂದು ಲೋಟಕ್ಕೆ 150ರಿಂದ 250 ರೂಪಾಯಿ ಎಂದರೆ ಇಲ್ಲಿಯವರು ಮೊದಲು ಬೋರ್ಡನ್ನು ಇನ್ನೊಮ್ಮೆ ಓದುತ್ತಾರೆ. ಅಷ್ಟು ಕೊಡುವವರಿಗೆ ಒಳ್ಳೆಯ ಅಂಗಡಿ ಯಾವುದೆಂದು ಗೊತ್ತಿರಬೇಡವೆ? ಗೋಡೆಯ ಮೇಲಿನ ಪ್ಲಾಸ್ಟಿಕ್ ಬಳ್ಳಿ, ಫೋಟೊ ತೆಗೆಸಿಕೊಳ್ಳುವ ಉಯ್ಯಾಲೆ, ಇವನ್ನೆಲ್ಲ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೌಂಟರಿನ ಹಿಂದೆ ಒಲೆ ಇದೆಯೇ, ಅದರ ಮೇಲೆ ಪಾತ್ರೆ ಇದೆಯೇ ಎಂದಷ್ಟೇ ಇಣುಕುತ್ತೇನೆ.

ಏಕೆಂದರೆ ಗುಂಡು ಎಂದರೆ ಮರಗೆಣಸಿನ ಹಿಟ್ಟು. ಅದನ್ನು ಕುದಿನೀರಿನಲ್ಲಿ ಇಪ್ಪತ್ತು ಮೂವತ್ತು ನಿಮಿಷ ಬೇಯಿಸಬೇಕು, ಒಲೆ ಆರಿಸಿ ಮುಚ್ಚಳ ಮುಚ್ಚಿ ಅಷ್ಟೇ ಹೊತ್ತು ಬಿಡಬೇಕು, ಆಮೇಲೆ ಕಂದು ಸಕ್ಕರೆಯ ಪಾಕಕ್ಕೆ ಹಾಕಬೇಕು. ಇಷ್ಟಾದರೂ ಅದರ ಆಯಸ್ಸು ಮೂರ್ನಾಲ್ಕು ಗಂಟೆ. ಫ್ರಿಜ್ಜಿನಲ್ಲಿಟ್ಟರೆ ರಾತ್ರಿಯ ಅನ್ನ ಬೆಳಿಗ್ಗೆ ಬಿರುಸಾಗುವಂತೆ ಇದೂ ಒಳಗಿನಿಂದ ಗಟ್ಟಿಯಾಗುತ್ತದೆ. ಹಲ್ಲಿಗೆ ಸಿಕ್ಕರೆ ಪುಡಿಪುಡಿ. ಮಾಲ್‌ಗಳಲ್ಲಿ ಬಣ್ಣಬಣ್ಣದ ಜಾಡಿಗಳಲ್ಲಿ ಕಾಣುವುದು ಬೇರೆಯೇ ಜಾತಿ. ಹಣ್ಣಿನ ರಸಕ್ಕೆ ಸೋಡಿಯಂ ಆಲ್ಜಿನೇಟ್, ಕ್ಯಾಲ್ಸಿಯಂಗಳ ನೆರವಿನಿಂದ ತೆಳು ಪೊರೆ ಕಟ್ಟಿ ಮಾಡಿದ್ದು. ನಾಲಿಗೆ ಒತ್ತಿದರೆ ಒಡೆದು ಸಿಹಿ ಚಿಮ್ಮುತ್ತದೆ. ಮಕ್ಕಳಿಗೆ ಅದೇ ಇಷ್ಟ. ಅಂಗಡಿಯವರಿಗೂ ಇಷ್ಟ, ಬೇಯಿಸುವ ರಗಳೆಯೇ ಇಲ್ಲ.

ಬಸವೇಶ್ವರನಗರಕ್ಕೆ ಬಂದರೆ ಗದ್ದಲ ಒಂದು ಸುತ್ತು ಇಳಿಯುತ್ತದೆ. ಹಾವನೂರು ವೃತ್ತದ ಸುತ್ತಿನ ರಸ್ತೆಗಳಲ್ಲಿ ಮರಗಳಿವೆ, ಮನೆಗಳಿಗೆ ಇನ್ನೂ ಕಾಂಪೌಂಡುಗಳಿವೆ. ಸಿದ್ದಯ್ಯ ಪುರಾಣಿಕರ ಹೆಸರಿನ ರಸ್ತೆಯಲ್ಲಿ ಸೀರೆ ಅಂಗಡಿ, ಐಸ್‌ಕ್ರೀಮು, ಕಾಂಡಿಮೆಂಟ್ಸು, ನಡುನಡುವೆ ಕೆಫೆ. ಇಲ್ಲಿಯ ಮೆನುಗಳು ಉದ್ದ: ಮಾವು, ಲಿಚಿ, ಮಾಚಾ, ಟ್ಯಾರೊ. ಆ ಟ್ಯಾರೊ ನಮ್ಮ ಕೆಸುವಿನ ಗೆಡ್ಡೆಯೇ, ಆದರೆ ನೇರಳೆ ಪುಡಿಯಾಗಿ ಬಂದ ಮೇಲೆ ಮಲೆನಾಡಿನ ಅಡುಗೆಮನೆಯಲ್ಲೂ ಯಾರೂ ಗುರುತು ಹಿಡಿಯಲಾರರು. ಅಂಗಡಿಯನ್ನು ಅಳೆಯಬೇಕಾದರೆ ಈ ಬಣ್ಣಗಳನ್ನೆಲ್ಲ ದಾಟಿ ಮೆನುವಿನ ತುದಿಯಲ್ಲಿರುವ ಸಾದಾ ಹಾಲಿನ ಚಹಾ ಕೇಳಬೇಕು. ಡಿಕಾಕ್ಷನ್ನಿನಲ್ಲಿ ಪಳಗಿದ ನಾಲಿಗೆಗೆ ಎಲೆ ಕುದಿಸಿದ್ದು ಯಾವುದು, ಪೊಟ್ಟಣ ಕರಗಿಸಿದ್ದು ಯಾವುದು ಎಂದು ಎರಡನೇ ಗುಟುಕಿಗೇ ತಿಳಿಯುತ್ತದೆ.

ನೋಡಲು ಚೆಂದ ಮಾತ್ರ ವಿಜಯನಗರದ್ದೇ. ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದರೆ ಮಲ್ಲಿಗೆ ಮೊಳ ಹಾಕುವವರು, ಸೊಪ್ಪಿನ ಕಟ್ಟು, ಜೋಳ ಸುಡುವ ಕೆಂಡ, ಚುರುಮುರಿಯ ಈರುಳ್ಳಿ ವಾಸನೆ. 2024ರಲ್ಲಿ ತೆರೆದ ಕೃಷ್ಣದೇವರಾಯ ಪಾಲಿಕೆ ಬಜಾರಿನ ಏಸಿ ತಂಪು ಒಂದೆಡೆ, ಹೊರಗಿನ ಸೆಕೆ ಇನ್ನೊಂದೆಡೆ. ಇದರ ನಡುವಿನ ಒಂದು ಚಿಕ್ಕ ಅಂಗಡಿಗೆ ಪಂಚೆಯುಟ್ಟ ತಾತನ ಕೈ ಹಿಡಿದೆಳೆಯುತ್ತ ಮೊಮ್ಮಗಳು ಬರುತ್ತಾಳೆ.

"ಶುಗರ್ ಎಷ್ಟು ಪರ್ಸೆಂಟ್ ಹಾಕ್ಲಿ ಸರ್?"

"ನಂಗಾ? ನಂಗೆ ಇನ್ನೂರೈವತ್ತು ಇದೆ ಕಣಪ್ಪ" ಎನ್ನುತ್ತಾರೆ ತಾತ.

ಹುಡುಗ ನಗದೆ ಇಪ್ಪತ್ತೈದು ಎಂದು ಒತ್ತುತ್ತಾನೆ. ತಾತ ಬೆಲೆ ನೋಡುತ್ತಾರೆ, ಮೊಮ್ಮಗಳನ್ನು ನೋಡುತ್ತಾರೆ.

"ಬೈಟು ಕೊಡ್ತೀಯೇನಪ್ಪ?"

ಬಾಯಿ ಮುಚ್ಚಿದ ಲೋಟವನ್ನು ಬೈಟು ಮಾಡುವುದು ಹೇಗೆ? ಹುಡುಗ ಅರೆಗಳಿಗೆ ಯೋಚಿಸಿ, ಹಾಳೆಯ ಎರಡು ಕಡೆ ಎರಡು ಸ್ಟ್ರಾ ಚುಚ್ಚಿ ಕೊಡುತ್ತಾನೆ. ತಾತ ಮೊದಲ ಗುಂಡು ಬಾಯಿಗೆ ಬಂದಾಗ ಗಾಬರಿಯಾಗಿ, ಅಗಿದು, ನುಂಗಿ ಹೇಳುತ್ತಾರೆ: "ಏ, ಇದು ಸಬ್ಬಕ್ಕಿ ಅಲ್ವೇನೇ!"

ತಾತ ಹೆಚ್ಚು ತಪ್ಪಿಲ್ಲ. ಪಾಯಸದ ಸಬ್ಬಕ್ಕಿಯೂ ಮರಗೆಣಸಿನದೇ. ಅದರ ತವರು ಸೇಲಂ, ಇಲ್ಲಿಂದ ಸುಮಾರು 200 ಕಿಲೋಮೀಟರು. ಸೇಲಂ ಸಬ್ಬಕ್ಕಿಗೆ 2023ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ಗುಂಡು ಚಹಾಕ್ಕೆ ಬಿದ್ದದ್ದು ಮಾತ್ರ 1980ರ ದಶಕದ ತೈವಾನ್‌ನಲ್ಲಿ. ಅದನ್ನು ಹಾಕಿದ್ದು ನಾವೇ ಎಂದು ತೈಚುಂಗ್‌ನ ಚುನ್ ಶುಯ್ ತಾಂಗ್, ತೈನಾನ್‌ನ ಹಾನ್‌ಲಿನ್ ಎಂಬ ಎರಡು ಚಹಾ ಅಂಗಡಿಗಳು ಹತ್ತು ವರ್ಷ ಕೋರ್ಟಿನಲ್ಲಿ ಜಗಳವಾಡಿದವು. ಇದಕ್ಕೆ ಪೇಟೆಂಟ್ ಇಲ್ಲ, ಯಾರು ಬೇಕಾದರೂ ಮಾಡಬಹುದು, ಹಾಗಾಗಿ ಮೊದಲಿಗರು ಯಾರೆಂಬ ಪ್ರಶ್ನೆಯೇ ಬೇಡ ಎಂದು ಕೋರ್ಟು 2019ರಲ್ಲಿ ಕೈತೊಳೆದುಕೊಂಡಿತು. ಮಸಾಲೆ ದೋಸೆಯ ವಿಷಯದಲ್ಲಿ ಇಂಥ ಕೇಸು ಇನ್ನೂ ಯಾರೂ ಹಾಕಿಲ್ಲ, ಪುಣ್ಯ. ತೈವಾನಿನ ಗುಂಡು ಹಡಗು ಹತ್ತಿ ಬರುವ ಊರಿಗೆ ಸೇಲಂನ ಮೂಟೆ ರಾತ್ರಿ ಲಾರಿ ಹತ್ತಿದರೆ ಬೆಳಗಿಗೆ ಬರುತ್ತದೆ. ಸಬ್ಬಕ್ಕಿಯನ್ನೇ ಬೆಲ್ಲದ ಪಾಕದಲ್ಲಿ ನೆನೆಸಿ ಚಹಾಕ್ಕೆ ಹಾಕುವ ಅಂಗಡಿ ನಮ್ಮ ಕಡೆ ನನ್ನ ಕಣ್ಣಿಗೆ ಬಿದ್ದಿಲ್ಲ. ಬಿದ್ದರೆ ಮೊದಲ ಗಿರಾಕಿ ನಾನೇ.

ಸ್ಟ್ರಾ ಬಗ್ಗೆಯೂ ಒಂದು ಮಾತು. 2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಷೇಧ. ಕಾಗದದ್ದು ಚುಚ್ಚುವಾಗಲೇ ಬಾಗುತ್ತದೆ. ಹರಟೆ ಹೊಡೆಯುತ್ತ ಕೂತರೆ ಬಾಯಲ್ಲೇ ಮೆತ್ತಗಾಗಿ, ಕೊನೆಯ ನಾಲ್ಕು ಗುಂಡುಗಳನ್ನು ತಳದಲ್ಲೇ ಬಿಟ್ಟೇಳಬೇಕು. ತಿಳಿದ ಅಂಗಡಿಯವರು ಕೇಳದೆಯೇ ಒಂದು ಉದ್ದ ಚಮಚ ಇಡುತ್ತಾರೆ.

ಮೆಟ್ರೊದ ನೇರಳೆ ಮಾರ್ಗ 2021ರಲ್ಲಿ ಕೆಂಗೇರಿ ಮುಟ್ಟಿತು. ರೈಲು ನಾಯಂಡಹಳ್ಳಿ ದಾಟುವಾಗ ಕೆಳಗೆ ವೃಷಭಾವತಿ ಕರ್ರಗೆ ನೊರೆಯಾಡುತ್ತಿರುತ್ತದೆ. ಗಾಜಿನ ಒಳಗಿದ್ದರೂ ಕೈ ತಾನಾಗಿ ಮೂಗಿಗೆ ಹೋಗುತ್ತದೆ. ಜ್ಞಾನಭಾರತಿಯಲ್ಲಿ ವಿಶ್ವವಿದ್ಯಾಲಯದ ಮಕ್ಕಳು ಬ್ಯಾಗುಗಳೊಂದಿಗೆ ಹತ್ತುತ್ತಾರೆ. ಕೆಂಗೇರಿ ಉಪನಗರದ ಕಡೆಯ ಅಂಗಡಿಗಳಿಗೆ ಇವರೇ ಆಧಾರ. ಇಲ್ಲಿ ಉಯ್ಯಾಲೆ ಇಲ್ಲ, ಬಳ್ಳಿ ಇಲ್ಲ. ನಾಲ್ಕು ಪ್ಲಾಸ್ಟಿಕ್ ಸ್ಟೂಲು, ಗೋಡೆಗೆ ಅಂಟಿಸಿದ ಕ್ಯುಆರ್ ಕೋಡು, ಕೌಂಟರಿನ ಹಿಂದೆ ಸ್ಟೌವು. ಅದರ ಮೇಲೆ ಅಲ್ಯೂಮಿನಿಯಂ ಡಬರಿ. ಮುಚ್ಚಳ ಎತ್ತಿದರೆ ಸುಟ್ಟ ಸಕ್ಕರೆಯ ಘಮ ರಸ್ತೆಗೆ ಬರುತ್ತದೆ.

"ಪರ್ಲ್ ಖಾಲಿ ಸರ್, ಈಗ ಇಟ್ಟಿದ್ದೀನಿ. ಮುಕ್ಕಾಲು ಗಂಟೆ ಆಗುತ್ತೆ."

ಹೀಗೆ ಹೇಳುವ ಅಂಗಡಿಗೇ ನನ್ನ ಓಟು. ಕಾಯುವ ಹುಡುಗರು ಪಕ್ಕದ ತಳ್ಳುಗಾಡಿಯಲ್ಲಿ ಅಷ್ಟರೊಳಗೆ ಮಸಾಲೆ ಪುರಿ ಮುಗಿಸಿ ಬರುತ್ತಾರೆ, ಮೂಗೊರೆಸಿಕೊಳ್ಳುತ್ತ. ಆ ಖಾರದ ಮೇಲೆ ಈ ತಂಪು ಚೆನ್ನಾಗಿಯೇ ಕೂಡುತ್ತದೆ.