ನಮ್ಮ ಮೈಯ ಒಕ್ಕಲುಗಳು

ಕಳೆದ ಮಳೆಗಾಲದಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನ ಕುತ್ತಿಗೆಯಲ್ಲಿ ಬಿಳಿ ಮಚ್ಚೆಗಳು ಕಾಣಿಸಿಕೊಂಡವು. “ತೊನ್ನು, ಅಂಟುತ್ತದೆ” ಎಂಬ ಗುಸುಗುಸು ಹಬ್ಬಿತು. ನಾವೂ ವಿಚಾರಿಸದೆ ಅವನನ್ನು ಬೇರೆ ಬೆಂಚಿನಲ್ಲಿ ಕುಳ್ಳಿರಿಸಿದೆವು. ಅದು ಬರಿಯ ಸಿಬ್ಬವೆಂದು ವೈದ್ಯರು ಹೇಳಿದಾಗ ನಮಗೆ ನಾಚಿಕೆಯಾಯಿತು. ಸಿಬ್ಬ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ತೊನ್ನೂ ಅಂಟುವ ರೋಗವಲ್ಲ. ನಮ್ಮ ಆ ತಪ್ಪೇ ಈ ಲೇಖನಕ್ಕೆ ಕಾರಣ.

ಮಳೆಗಾಲದಲ್ಲಿ ಚಪ್ಪಲಿಯ ಮೇಲೆ ಬೆಳೆಯುವ ಬೂಷ್ಟನ್ನು ನೀವೆಲ್ಲ ಕಂಡಿದ್ದೀರಿ. ಅದು ಶಿಲೀಂಧ್ರಗಳ ವರ್ಗಕ್ಕೆ ಸೇರಿದುದು. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಕೂಡ ಅದೇ ವರ್ಗದ್ದು. ಇವುಗಳ ಬಂಧುಗಳು ನಮ್ಮ ಮೈಮೇಲೂ ಇವೆ.

ಸಿಬ್ಬಕ್ಕೆ ಕಾರಣವಾದ ಯೀಸ್ಟಿನ ಹೆಸರು ಮಲಾಸೀಜಿಯ. 1874ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಮಲಾಸೇಯವರ ಹೆಸರೇ ಇದಕ್ಕೆ ಬಂದಿದೆ. ಚರ್ಮದ ಜಿಡ್ಡೇ ಇದರ ಆಹಾರ. ಹೆಚ್ಚುಕಡಿಮೆ ಎಲ್ಲರ ಮೈಮೇಲೂ ಇದು ಇರುತ್ತದೆ. ಸೆಕೆ, ಬೆವರು ಹೆಚ್ಚಿದಾಗ ಅತಿಯಾಗಿ ಬೆಳೆದು ಚರ್ಮದ ಬಣ್ಣವನ್ನು ಕೆಡಿಸುತ್ತದೆ. ತಲೆಹೊಟ್ಟಿನಲ್ಲಿಯೂ ಇದರ ಕೈವಾಡವಿದೆ. ಔಷಧದಿಂದ ಯೀಸ್ಟ್ ಅಡಗಿದರೂ ಹಳೆಯ ಬಣ್ಣ ಮರಳಲು ತಿಂಗಳುಗಳು ಬೇಕು.

ಬಾಯಿಯಲ್ಲಿರುವುದು ಕ್ಯಾಂಡಿಡ ಆಲ್ಬಿಕಾನ್ಸ್. ಲ್ಯಾಟಿನ್ ಭಾಷೆಯಲ್ಲಿ ಈ ಎರಡು ಪದಗಳ ಮೂಲದಲ್ಲಿಯೂ ಬಿಳುಪೆಂಬ ಅರ್ಥವೇ ಇದೆ. ಆರೋಗ್ಯವಂತರಾದ ಅನೇಕರ ಬಾಯಿಯಲ್ಲಿ ಇದು ತೆಪ್ಪಗಿರುತ್ತದೆ. ಬ್ಯಾಕ್ಟೀರಿಯಾಗಳೂ ಜೊಲ್ಲೂ ದೇಹದ ರೋಗನಿರೋಧಕ ಶಕ್ತಿಯೂ ಇದನ್ನು ಹದ್ದಿನಲ್ಲಿಡುತ್ತವೆ. ಹಸುಗೂಸುಗಳಲ್ಲಿ, ಮಧುಮೇಹಿಗಳಲ್ಲಿ, ಬಹುದಿನ ಆಂಟಿಬಯೋಟಿಕ್ ಸೇವಿಸಿದವರಲ್ಲಿ ಈ ಸಮತೋಲ ತಪ್ಪಿದರೆ ನಾಲಿಗೆಯ ಮೇಲೆ ಮೊಸರಿನಂಥ ಬಿಳಿ ಪದರ ಕಟ್ಟಬಹುದು. ಇದಕ್ಕೆ ಮದ್ದಾದ ನಿಸ್ಟಾಟಿನ್ ಅನ್ನು 1950ರಲ್ಲಿ ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಮಹಿಳಾ ವಿಜ್ಞಾನಿಗಳು ಪ್ರಕಟಪಡಿಸಿದರು. ಅದು ದೊರೆತದ್ದು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ!

ಆದರೆ ಉಂಗುರದಾಕಾರದಲ್ಲಿ ಕೆಂಪಾಗಿ ತುರಿಸುವ ಹುಳುಕಡ್ಡಿಯ ಸಂಗತಿ ಬೇರೆ. ಅದೂ ಶಿಲೀಂಧ್ರವೇ, ಹುಳುವಲ್ಲ, ಆದರೆ ಅಂಟುತ್ತದೆ. ಟವೆಲು, ಬಾಚಣಿಗೆ, ಬಟ್ಟೆಗಳನ್ನು ಹಂಚಿಕೊಳ್ಳಬಾರದು. ಒದ್ದೆ ಸಮವಸ್ತ್ರ ತೊಡಬಾರದು. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮಿಶ್ರಿತ ಮುಲಾಮು ತುರಿಕೆಯನ್ನು ಅಡಗಿಸಿ, ರೋಗವನ್ನು ಒಳಗೊಳಗೇ ಹರಡಗೊಡುತ್ತದೆ. ವೈದ್ಯರಿಗೆ ತೋರಿಸುವುದೇ ಸರಿ.

ವಿದ್ಯಾರ್ಥಿ ಮಿತ್ರರೇ, ಈ ಒಕ್ಕಲುಗಳನ್ನು ಸಂಪೂರ್ಣ ಎಬ್ಬಿಸಲು ಸಾಧ್ಯವಿಲ್ಲ, ಅದು ಬೇಕಾಗಿಯೂ ಇಲ್ಲ. ಅವು ಮೇರೆ ಮೀರದಂತೆ ಶುಚಿಯಾಗಿದ್ದರೆ ಸಾಕು. ಗೆಳೆಯನ ಮೈಯ ಮಚ್ಚೆ ಕಂಡು ದೂರ ಸರಿಯುವ ಮೊದಲು ಅದೇನೆಂದು ತಿಳಿಯೋಣ. ಆ ಹುಡುಗ ಈಗ ತನ್ನ ಹಳೆಯ ಬೆಂಚಿನಲ್ಲೇ ಕುಳಿತಿದ್ದಾನೆ. ಪಾಠ ಕಲಿತವರು ನಾವು.