ಪೋರ್ಚುಗೀಸಿನಲ್ಲೂ ಲೋಪಸಂಧಿ!

‘ಸಂಧಿ, ಸಮಾಸ ಕಲಿತು ಎಂಜಿನಿಯರಿಂಗ್‌ನಲ್ಲಿ ಏನು ಮಾಡ್ತೀಯ?’ ಎಂದು ಕೇಳುವವರಿಗೆ ಈಗ ನನ್ನ ಬಳಿ ಉತ್ತರವಿದೆ: ಪೋರ್ಚುಗೀಸ್ ಬರೆಯುತ್ತೇನೆ.

ವಿಜಯನಗರದ ಹುಡುಗನಿಗೆ ಪೋರ್ಚುಗೀಸ್ ಯಾಕೆ ಎನ್ನಬಹುದು. ಬ್ರೆಜಿಲ್ 20 ಕೋಟಿಗೂ ಹೆಚ್ಚು ಜನರಿರುವ ದೇಶ. ನಮ್ಮ ಇನ್ಫೊಸಿಸ್ 2009ರಲ್ಲೇ ಅಲ್ಲಿನ ಬೆಲೊ ಒರಿಜೊಂಟೆ ನಗರಕ್ಕೆ ಕಾಲಿಟ್ಟಿತ್ತು. ನಾಲ್ಕು ಮಾತು ಆಡುವುದನ್ನು ಮೊಬೈಲ್ ಆ್ಯಪ್ ಕಲಿಸುತ್ತದೆ. ಆದರೆ ಇಮೇಲ್, ವರದಿ ಬರೆಯಲು ವ್ಯಾಕರಣ ಬೇಕೇ ಬೇಕು. ಅದನ್ನು ಇಂಗ್ಲಿಷ್‌ಗಿಂತ ಕನ್ನಡದ ಮೂಲಕ ಕಲಿಯುವುದು ಸಲೀಸು ಎಂಬುದು ನನ್ನ ಅನುಭವ.

ಅಲ್ಲಿ ‘ದೆ’ ಎಂದರೆ ನಮ್ಮ ಷಷ್ಠಿ ವಿಭಕ್ತಿ ಇದ್ದಂತೆ. ಅದರ ಮುಂದೆ ಪುಲ್ಲಿಂಗದ ಗುರುತಾದ ‘ಒ’ ಬಂದರೆ ಬಿಡಿಸಿ ಬರೆಯುವಂತಿಲ್ಲ, ‘ದೊ’ ಎಂದೇ ಬರೆಯಬೇಕು. ‘ಊರು’, ‘ಅಲ್ಲಿ’ ಸೇರಿ ‘ಊರಲ್ಲಿ’ ಆದ ಹಾಗೆ. ಲೋಪಸಂಧಿಯೇ ತಾನೆ?

ಸವರ್ಣದೀರ್ಘವೂ ಇದೆ. ‘ಗೆ’ ಎಂಬ ಅರ್ಥದ ‘ಅ’ ಹಾಗೂ ಸ್ತ್ರೀಲಿಂಗದ ಗುರುತಾದ ‘ಅ’ ಕೂಡಿದರೆ ಒಂದೇ ಅಕ್ಷರ, ಅದರ ತಲೆಯ ಮೇಲೊಂದು ಓರೆಗೆರೆ. ಇದಕ್ಕೆ ‘ಕ್ರಾಜಿ’ ಎನ್ನುತ್ತಾರೆ. ಬ್ರೆಜಿಲ್ ಮಾತಿನಲ್ಲಿ ಗೆರೆ ಇದ್ದರೂ ಇಲ್ಲದಿದ್ದರೂ ಕಿವಿಗೆ ಒಂದೇ. ಹಾಗಾಗಿ ಅಲ್ಲಿನ ವಿದ್ಯಾರ್ಥಿಗಳೂ ಬರೆಯುವಾಗ ಎಡವುತ್ತಾರೆ. ಅವರೇ ಬಳಸುವ ಒಂದು ಉಪಾಯವಿದೆ. ‘ಶಾಲೆಗೆ ಹೋಗುತ್ತೇನೆ’ ಎಂಬಲ್ಲಿ ಸ್ತ್ರೀಲಿಂಗದ ‘ಎಸ್ಕೋಲ’ ತೆಗೆದು ಪುಲ್ಲಿಂಗದ ‘ಮೆರ್ಕಾದೊ’, ಅಂದರೆ ಮಾರುಕಟ್ಟೆ, ಇಟ್ಟು ನೋಡಿ. ಅದರ ಹಿಂದೆ ‘ಅ’, ‘ಒ’ ಎರಡೂ ಬಂದರೆ ಶಾಲೆಗೂ ಗೆರೆ ಬೇಕೆಂದೇ ಲೆಕ್ಕ.

ಕನ್ನಡ ಕೈಕೊಡುವುದು ಲಿಂಗದ ವಿಷಯದಲ್ಲಿ. ಚಾವಿ, ಅಲಮಾರು ಎರಡೂ ಪೋರ್ಚುಗೀಸಿನಿಂದ ಬಂದ ಪದಗಳು. ನಮಗೆ ಎರಡೂ ನಪುಂಸಕ. ಅಲ್ಲಿ ಚಾವಿ ಹೆಣ್ಣು, ಅಲಮಾರು ಗಂಡು! ವಿಶೇಷಣವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಹೊಸ ಚಾವಿ ‘ನೋವ’, ಹೊಸ ಅಲಮಾರು ‘ನೋವೊ’. ಬ್ರೆಜಿಲ್‌ನವರ ಬಾಯಲ್ಲಿ ಇದು ‘ನೋವು’ ಎಂದೇ ಕೇಳುತ್ತದೆ. ಪದವನ್ನು ಲಿಂಗದ ಗುರುತಿನ ಸಮೇತ ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ.

ಬ್ರೆಜಿಲ್ ಸರ್ಕಾರದ ‘ಸೆಲ್ಪಿ-ಬ್ರಾಸ್’ ಪರೀಕ್ಷೆಯ ಲಿಖಿತ ಭಾಗ 3 ಗಂಟೆಯದು, 4 ಬರಹ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಿಲ್ಲ. ಯಾರಿಗೆ, ಯಾವ ಉದ್ದೇಶಕ್ಕೆ ಎಂದು ತಿಳಿಸಿ ಬರೆಸುತ್ತಾರೆ. ಗೆಳೆಯನಿಗೆ ‘ವೊಸೆ’, ಹಿರಿಯರಿಗೆ ‘ಒ ಸೆನ್ಯೋರ್’. ನೀನು, ನೀವು ಎಂದು ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಕೆಂಗೇರಿ ಮೆಟ್ರೊದಲ್ಲಿ ಸೀಟು ಸಿಕ್ಕ ದಿನ ಕಲ್ಪಿತ ಮ್ಯಾನೇಜರ್‌ಗೆ ಹತ್ತು ಸಾಲಿನ ಪತ್ರ ಬರೆಯುತ್ತೇನೆ.

ಹಳೆಯ ವ್ಯಾಕರಣ ಪುಸ್ತಕ ಸಿಕ್ಕರೆ ಕೊಳ್ಳುವ ಮುನ್ನ ಪುಟ ತಿರುವಿ ನೋಡಿ. 2009ರಲ್ಲಿ ಜಾರಿಗೆ ಬಂದ ಹೊಸ ಕಾಗುಣಿತ ಬ್ರೆಜಿಲ್‌ನಲ್ಲಿ 2016ರಿಂದ ಕಡ್ಡಾಯ. ‘ಯು’ ಅಕ್ಷರದ ಮೇಲೆ ಎರಡು ಚುಕ್ಕಿ ಕಂಡರೆ ಅದು ಹಳೆಯ ಕಾಗುಣಿತದ ಪುಸ್ತಕ.